‘ಕಾಂಪ್ಲಿಕೇಟೆಡ್ ಬಿಡಪ್ಪ’: ನಾಲ್ಕು ಸಾಲಿಗೊಂದು ಟೀಕು

ತಿಪಟೂರಿನ ಎಪಿಎಂಸಿ ಆಸುಪಾಸಿನಲ್ಲಿ ಯಾರ ಬಾಯಲ್ಲಾದರೂ ಬರಬಹುದಾದ ಮಾತು ಇದು. ಮೂಲ ಹೀಗಿದೆ ಎಂದಿಟ್ಟುಕೊಳ್ಳೋಣ:

ಕಾಯಿ ಅಟ್ಟಕ್ಕೆ ಹಾಕಿ ವರ್ಷವಾಯ್ತು.
ಈ ಸಲ ರೇಟು ಭಾಳ ಕಾಂಪ್ಲಿಕೇಟೆಡ್ ಬಿಡಪ್ಪ.
ನಾಫೆಡ್‌ಗೆ ಬಿಡಾನ ಅಂದ್ರೆ ಇನ್ನೂ ಕಾಂಪ್ಲಿಕೇಟೆಡ್ಡು.
ಕಾಂಪ್ಲೆಕ್ಸ್ ಹತ್ರ ಸಿಗು, ಮಾತಾಡಾನ.

‘ಕಾಯಿ ಅಟ್ಟಕ್ಕೆ ಹಾಕಿ’: ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಡುತ್ತದೆ. ಅಲ್ಲಾಡಿಸಿದರೆ ಸದ್ದಾಗಬೇಕು, ಆಮೇಲೆಯೇ ಉಂಡೆ ಕೊಬ್ಬರಿ. ಅಂದರೆ ಇಂದು ಮಾರುವವನ ಮಾಲು ಹೋದ ವರ್ಷದ ಮಳೆಯದು, ಬೆಲೆ ಮಾತ್ರ ಇವತ್ತಿನದು.

‘ರೇಟು ಭಾಳ ಕಾಂಪ್ಲಿಕೇಟೆಡ್’: ಟೀಕು ಲಂಬಿಸಬೇಕಾದ ಜಾಗ ಇದೇ. ಇಂಗ್ಲಿಷಿನ ಕಾಂಪ್ಲಿಕೇಟೆಡ್, ಕಾಂಪ್ಲೆಕ್ಸ್ ಎರಡೂ ಲ್ಯಾಟಿನ್ನಿನಿಂದ ಬಂದವು. ಮೊದಲನೆಯದರ ಬೇರಿನಲ್ಲಿ ಮಡಿಚುವ ಅರ್ಥವಿದೆ, ಎರಡನೆಯದರಲ್ಲಿ ಹೆಣೆಯುವ ಅರ್ಥ. ತೆಂಗಿನ ಸೀಮೆಯವರಿಗೆ ಈ ಭೇದ ಹೊಸದೇನಲ್ಲ: ಗರಿ ಹೆಣೆದ ತಟ್ಟಿಯಲ್ಲಿ ಒಂದೆಳೆ ಕಿತ್ತರೆ ತಟ್ಟಿಯೇ ಹೋಗುತ್ತದೆ, ಸಿಕ್ಕುಬಿದ್ದ ಹಗ್ಗವನ್ನು ತಾಳ್ಮೆಯಿದ್ದರೆ ಮಡಿಕೆಯಂತೆ ಬಿಡಿಸಬಹುದು. ತಟ್ಟಿ ಕಾಂಪ್ಲೆಕ್ಸು, ಸಿಕ್ಕು ಕಾಂಪ್ಲಿಕೇಟೆಡ್ಡು.

ಹಾಗೆ ನೋಡಿದರೆ ಕೊಬ್ಬರಿ ರೇಟು ಹೆಣಿಗೆಯ ಜಾತಿಯದು. ಉತ್ತರ ಭಾರತದ ಹಬ್ಬ, ಮದುವೆ, ಚಳಿಗಾಲದ ಬೇಡಿಕೆ. ಎಳನೀರಿಗೆ ಹೋಗಿಬಿಟ್ಟ ಕಾಯಿ. ನುಸಿ, ಕಪ್ಪುತಲೆ ಹುಳು, ಬಿಳಿನೊಣ. ಆಮದಾಗುವ ಅಡುಗೆ ಎಣ್ಣೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಪೇಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಕುಸಿಯಿತು. 2025ರಲ್ಲಿ ಬೆಂಬಲ ಬೆಲೆ 12,100. ಪೇಟೆ 20,000 ದಾಟಿತು.

ಇಂಟ್ರಿಕೇಟ್ ಎಂಬ ಮತ್ತೊಂದು ಪದವೂ ಉಂಟು. ತುರುವೇಕೆರೆ ತಾಲ್ಲೂಕು ನಾಗಲಾಪುರದ ಹೊಯ್ಸಳ ಗುಡಿಗಳ ಕೆತ್ತನೆಗೆ ಒಪ್ಪುತ್ತದೆ. ಅದರಲ್ಲಿ ಮೆಚ್ಚುಗೆ ಸೇರಿರುವುದರಿಂದಲೋ ಏನೋ, ಮಂಡಿಯ ಮಾತಿಗೆ ಇಳಿದಿಲ್ಲ.

‘ಬಿಡಪ್ಪ’: ವಾಚ್ಯಾರ್ಥದಲ್ಲಿ ಬಿಡುವುದೇ ಹೊರತು ವಕ್ತಾರ ಬಿಡುವವನಲ್ಲ, ಮುಂದಿನ ಸಾಲಿನಲ್ಲೇ ಮತ್ತೆ ಹಿಡಿಯುತ್ತಾನೆ. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ.ಶ್ರೀ. (1906–1966) ಚಿಕ್ಕನಾಯಕನಹಳ್ಳಿ ತಾಲ್ಲೂಕು ತೀರ್ಥಪುರದವರು. ಹೇಳದೆಯೇ ಹೊಳೆಯುವ ಅರ್ಥಕ್ಕೆ, ಅಂದರೆ ಧ್ವನಿಗೆ, ಉದಾಹರಣೆ ಬೇಕೆಂದವರು ಆ ಊರು ಬಿಟ್ಟು ಬಹುದೂರ ಹೋಗಬೇಕಿಲ್ಲ.

‘ನಾಫೆಡ್‌ಗೆ ಬಿಡಾನ ಅಂದ್ರೆ’: ನಾಫೆಡ್ ಎಂದರೆ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ರಾಷ್ಟ್ರೀಯ ಸಹಕಾರಿ ಸಂಸ್ಥೆ. ಇಲ್ಲಿ ಪದ ತನ್ನ ಸರಿಯಾದ ಜಾಗದಲ್ಲಿ ಕೂತಿದೆ. ಕಾಂಪ್ಲಿಕೇಟೆಡ್ ಎಂಬುದು ರೂಪದಲ್ಲಿ ಭೂತಕೃದಂತ. ಮಡಿಚಿಟ್ಟದ್ದು ಎಂದಾಯಿತು, ಮಡಿಚಿದವರೂ ಇದ್ದಾರೆ ಎಂದಾಯಿತು. ರೈತರ ಗುರುತಿನ ಸಂಖ್ಯೆಯಾದ ಫ್ರೂಟ್ಸ್ ಐಡಿ, ಎಕರೆಗೆ ಇಷ್ಟೇ ಎಂಬ ಮಿತಿ, ಬೆರಳಚ್ಚು, ಸರತಿ. 2024ರ ಆರಂಭದಲ್ಲಿ ಅಕ್ರಮದ ದೂರು ಬಂದು, ಆಗಿದ್ದ ನೋಂದಣಿಯನ್ನು ರದ್ದು ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಇವು ಮಳೆಯಂತೆ ಆಕಾಶದಿಂದ ಬಿದ್ದವಲ್ಲ. ಕಳ್ಳ ಲೆಕ್ಕ ತಡೆಯಲು ಹಾಕಿದ ನಿಯಮಗಳೆಂಬುದು ನಿಜ, ಆದರೆ ಸಾಲಿನಲ್ಲಿ ನಿಲ್ಲುವವನು ಕಳ್ಳನಲ್ಲ. ರೇಟಿಗೂ ನೋಂದಣಿಗೂ ಒಂದೇ ಪದ ಬಳಸಿದಾಗ ಎರಡನೆಯದನ್ನೂ ವಿಧಿಯ ಲೆಕ್ಕಕ್ಕೆ ಬರೆದಂತಾಗುತ್ತದೆ. ಅಧಿಕಾರಿಗಳಿಗೆ ಅದು ಅನುಕೂಲ.

‘ಕಾಂಪ್ಲೆಕ್ಸ್ ಹತ್ರ’: ಅಂಗಡಿ ಸಾಲಿನ ಕಟ್ಟಡ, ಅಷ್ಟೆ. ಔಷಧಿ ಅಂಗಡಿಯಲ್ಲಿ ಇದೇ ಪದ ಬಿ ಕಾಂಪ್ಲೆಕ್ಸ್ ಮಾತ್ರೆ.

‘ಮಾತಾಡಾನ’: ಏನನ್ನು ಎಂಬುದು ಅಧ್ಯಾಹಾರ. ಸುಲಿಯುವವರು ಯಾವತ್ತು ಸಿಗುತ್ತಾರೆ, ಮೂಟೆಗೆ ಲಗೇಜ್ ಆಟೊ ಯಾರದು, ಮುಂಗಡ ತಂದ ಮಂಡಿಗೇ ಹಾಕಬೇಕೋ, ಬೇರೆಯವರಿಗೂ ತೋರಿಸಬಹುದೋ.