ಉಳಿದವರ ಸಾಕ್ಷ್ಯ: ‘ಉಳಿದವರು ಕಂಡಂತೆ’ ಚಿತ್ರದ ಒಂದು ದೈವಶಾಸ್ತ್ರೀಯ ಓದು

ಬಿಡುಗಡೆಯಾದ ವಾರಗಳಲ್ಲಿ ಸೋತು, ಆನಂತರದ ವರ್ಷಗಳಲ್ಲಿ ಪ್ರೇಕ್ಷಕರನ್ನು ಗಳಿಸಿಕೊಂಡ ಚಿತ್ರಗಳು ಕನ್ನಡದಲ್ಲಿ ವಿರಳ. 2014ರ ಮಾರ್ಚ್ 28ರಂದು ತೆರೆಕಂಡ ‘ಉಳಿದವರು ಕಂಡಂತೆ’ ಅಂಥದ್ದೊಂದು. ರಕ್ಷಿತ್ ಶೆಟ್ಟಿಯವರು ನಿರ್ದೇಶಿಸಿದ ಮೊದಲ ಚಿತ್ರವಿದು. ಮಲ್ಪೆಯ ಒಂದು ಕೇರಿ, ಕೃಷ್ಣಾಷ್ಟಮಿಯ ಹುಲಿವೇಷ, ಒಂದು ಹಿಂಸಾಕೃತ್ಯ, ಅದನ್ನು ಕುರಿತು ಬೇರೆಬೇರೆ ಜನರ ಬೇರೆಬೇರೆ ನಿರೂಪಣೆ: ಇಷ್ಟೇ ಅದರ ಸಾಮಗ್ರಿ. ಅಪರಾಧದ ಕಥೆಗೆ ದೈವಶಾಸ್ತ್ರದ ಪತ್ರಿಕೆಯಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ ‘ಇಂತೆರ್ ಮಿರಿಫಿಕಾ’ ಆದೇಶಪತ್ರವು, ಕೆಡುಕಿನ ಚಿತ್ರಣವು ನೈತಿಕ ಶಿಸ್ತಿಗೆ ಒಳಪಟ್ಟಿದ್ದರೆ ಮಾನವನನ್ನು ಇನ್ನಷ್ಟು ಆಳವಾಗಿ ಅರಿಯಲು ನೆರವಾಗಬಲ್ಲದೆಂದು ಒಪ್ಪಿದೆ. ಆ ಮಾತಿನ ಆಧಾರದಲ್ಲಿ ಈ ಚಿತ್ರವನ್ನೂ ಅದರ ಪ್ರೇಕ್ಷಕರನ್ನೂ ಇಲ್ಲಿ ಪರಿಶೀಲಿಸುತ್ತೇವೆ.

ಕಥೆಯ ಎಳೆ ಹೀಗಿದೆ. ರಿಚ್ಚಿ ಎಂದು ಊರು ಕರೆಯುವ ರಿಚರ್ಡ್ ಆಂಥೊನಿ ಮತ್ತು ರಘು ಬಾಲ್ಯದ ಗೆಳೆಯರು. ಎಳವೆಯಲ್ಲಿ ನಡೆದ ಒಂದು ಕೃತ್ಯದ ಬಳಿಕ ಒಬ್ಬನು ಬಾಲಾಪರಾಧಿಗಳ ಗೃಹ ಸೇರುತ್ತಾನೆ, ಇನ್ನೊಬ್ಬನು ಊರು ಬಿಟ್ಟು ಓಡುತ್ತಾನೆ. ವರ್ಷಗಳು ಕಳೆದ ಮೇಲೆ ರಘು ತಾಯಿ ರತ್ನಕ್ಕನನ್ನು ಅರಸಿ ಹಿಂದಿರುಗುತ್ತಾನೆ. ಅಷ್ಟರಲ್ಲಿ ರಿಚ್ಚಿ ಊರೇ ಹೆದರುವ ರೌಡಿಯಾಗಿದ್ದಾನೆ. ಇವರ ಸುತ್ತ ಬಾಲು, ಮುನ್ನ, ಶಾರದಾ ಮೊದಲಾದವರ ಬದುಕು ಹೆಣೆದುಕೊಂಡಿದೆ. ಎಲ್ಲ ಮುಗಿದ ಮೇಲೆ ರೆಜಿನಾ ಎಂಬ ಪತ್ರಕರ್ತೆ ಒಬ್ಬೊಬ್ಬರ ಮಾತನ್ನೂ ಕೇಳುತ್ತ ಹೋಗುತ್ತಾಳೆ. ನಡೆದದ್ದು ಇಂಥದ್ದೇ ಎಂದು ಯಾರೂ ಕೊನೆಗೆ ಬಂದು ಮುದ್ರೆಯೊತ್ತುವುದಿಲ್ಲ.

ಈ ಕಡೆಯ ಅಂಶವೇ ಅಂದಿನ ಪ್ರೇಕ್ಷಕರಿಗೆ ಮುಳ್ಳಾಯಿತು. ಹಿಂದಿನ ವರ್ಷದ ‘ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ’ಯ ನಗುಮುಖದ ನಾಯಕನನ್ನು ನೋಡಲು ಬಂದವರಿಗೆ ಇಲ್ಲಿ ಸಿಕ್ಕಿದ್ದು ಕಾಲಕ್ರಮ ತಪ್ಪಿದ ಅಧ್ಯಾಯಗಳು, ಉಡುಪಿ ಸೀಮೆಯ ಆಡುನುಡಿ, ನಿಧಾನದ ನಡಿಗೆ. ಕಥೆ ಅರ್ಥವಾಗಲಿಲ್ಲವೆಂಬ ದೂರು ಹರಡಿತು, ಚಿತ್ರಮಂದಿರಗಳಿಂದ ಚಿತ್ರ ಬೇಗ ಮರೆಯಾಯಿತು. 2016ರ ಕೊನೆಯಲ್ಲಿ ಬಂದ ‘ಕಿರಿಕ್ ಪಾರ್ಟಿ’ಯ ಯಶಸ್ಸಿನ ಬಳಿಕ ಯುವಜನರು ಹಿಂದಿನದನ್ನು ಹುಡುಕಿಕೊಂಡು ಹೋದರು, 2017ರಲ್ಲಿ ‘ರಿಚಿ’ ಎಂಬ ಹೆಸರಿನಲ್ಲಿ ತಮಿಳಿಗೂ ಅದು ಹೋಯಿತು. ಈಗ ಅದನ್ನು ಮೆಚ್ಚುವವರು ಅದರ ಹಿನ್ನೆಲೆ ಸಂಗೀತವನ್ನೂ ರಿಚ್ಚಿಯ ನಡೆನುಡಿಯನ್ನೂ ಕೊಂಡಾಡುತ್ತಾರೆ. ಮೊದಲು ತಿರಸ್ಕರಿಸಿದವರೂ ಈಗ ಆರಾಧಿಸುವವರೂ ಒಂದೇ ವಿಷಯವನ್ನು ಬದಿಗಿಟ್ಟಿದ್ದಾರೆಂಬುದು ನಮ್ಮ ಅಭಿಪ್ರಾಯ. ಅದು ಸಾಕ್ಷ್ಯದ ಪ್ರಶ್ನೆ.

ಒಂದು ಘಟನೆಗೆ ಹಲವು ನಾಲಗೆ ಎಂಬುದು ಕನ್ನಡಿಗರಿಗೆ ಹೊಸತಲ್ಲ. ವಿಮರ್ಶಕರು ಕುರೊಸಾವಾ ಅವರ ‘ರಾಶೋಮಾನ್’ (1950) ಚಿತ್ರವನ್ನು ನೆನೆಯುತ್ತಾರೆ, ಸರಿಯೇ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ವಾಚಕರು ಅಷ್ಟು ದೂರ ಹೋಗಬೇಕಿಲ್ಲ. ಘಟ್ಟದ ಮೇಲಿನ ಈ ಸೀಮೆಯಲ್ಲಿ ತಾಳಮದ್ದಲೆಗೆ ಕುಳಿತವರಿಗೆ ಕಥೆ ಮೊದಲೇ ಗೊತ್ತು. ವಾಲಿವಧೆಯ ಪ್ರಸಂಗದಲ್ಲಿ ವಾಲಿ ಸಾಯುತ್ತಾನೆಂದು ತಿಳಿಯದ ಶ್ರೋತೃವಿಲ್ಲ. ಆದರೂ ಜನ ಬೆಳಗಿನವರೆಗೆ ಕೂರುವುದು, ಮರೆಯಿಂದ ಬಾಣ ಬಿಟ್ಟ ರಾಮನಿಗೆ ವಾಲಿ ಏನು ಕೇಳುತ್ತಾನೆ, ರಾಮ ಏನು ಉತ್ತರಿಸುತ್ತಾನೆ ಎಂಬುದಕ್ಕಾಗಿ. ಇಂದು ವಾಲಿಯ ಅರ್ಥ ಹೇಳಿದವರು ನಾಳೆ ರಾಮನ ಅರ್ಥ ಹೇಳಬಲ್ಲರು. ಈ ಸಂಪ್ರದಾಯದಲ್ಲಿ ಪಳಗಿದ ಶ್ರೋತೃವು ಒಬ್ಬನ ಮಾತು ಮುಗಿಯುವ ಮೊದಲೇ ತೀರ್ಪು ಕೊಡುವುದಿಲ್ಲ. ಮಲ್ಪೆಯ ಚಿತ್ರ ತನ್ನ ಪ್ರೇಕ್ಷಕನಿಂದ ಬೇಡುವುದು ಈ ತಾಳ್ಮೆಯನ್ನೇ. ಒಂದು ವ್ಯತ್ಯಾಸವುಂಟು: ಪ್ರಸಂಗದಲ್ಲಿ ಬಾಣ ನಾಟಿದವನಿಗೂ ವಾದಿಸಲು ಅವಕಾಶವಿದೆ, ಚಿತ್ರದ ಕೇರಿಯಲ್ಲಿ ಸತ್ತವರು ಬಂದು ತಮ್ಮ ಬಗೆಗಿನ ಮಾತನ್ನು ತಿದ್ದುವಂತಿಲ್ಲ.

ಇಲ್ಲಿ ಚಿತ್ರದ ಹೆಸರನ್ನು ನಿಧಾನವಾಗಿ ಓದಬೇಕು. ‘ಉಳಿದವರು’ ಎಂದರೆ ಇತರರು. ಬದುಕಿ ಉಳಿದವರು ಎಂಬ ಅರ್ಥವೂ ಅದಕ್ಕಿದೆ. ಹೋದವರ ಕಥೆಯನ್ನು ಉಳಿದವರೇ ಹೇಳಬೇಕು, ಉಳಿದದ್ದರಿಂದಲೇ ಅವರ ಮಾತಿಗೆ ಒಂದು ಋಣ ಅಂಟಿಕೊಂಡಿದೆ. ಸತ್ಯವೆಂಬುದೇ ಇಲ್ಲ, ಅವರವರಿಗೆ ಕಂಡದ್ದೇ ಸತ್ಯ ಎಂಬ ಅಗ್ಗದ ತತ್ತ್ವವನ್ನು ಚಿತ್ರ ಸಾರುತ್ತದೆಂದು ಕೆಲವರು ಭಾವಿಸುತ್ತಾರೆ. ನಾವು ಹಾಗೆ ಓದುವುದಿಲ್ಲ. ಒಬ್ಬ ಮನುಷ್ಯನು ನಿಜವಾಗಿ ಸತ್ತಿದ್ದಾನೆ. ಆ ಸಾವು ಯಾರ ಅಭಿಪ್ರಾಯವೂ ಅಲ್ಲ.

ಧರ್ಮಸಭೆಯು ಈ ಕಷ್ಟವನ್ನು ಆದಿಯಲ್ಲೇ ಎದುರಿಸಿತು. ಎರಡನೆಯ ಶತಮಾನದಲ್ಲಿ ತಾತಿಯಾನನು ನಾಲ್ಕು ಶುಭಸಂದೇಶಗಳನ್ನು ಕಲಸಿ ‘ದಿಯಾತೆಸ್ಸರೋನ್’ ಎಂಬ ಒಂದೇ ಸುಗಮ ಕಥನವನ್ನು ರಚಿಸಿದನು. ಸಿರಿಯಾದ ಸಭೆಗಳಲ್ಲಿ ಬಹುಕಾಲ ಅದು ಬಳಕೆಯಲ್ಲಿತ್ತು. ಐದನೆಯ ಶತಮಾನದಲ್ಲಿ ಸಿರ್ರುಸಿನ ಧರ್ಮಾಧ್ಯಕ್ಷ ಥಿಯೊಡೊರೆಟನು ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ ನಾಲ್ಕು ಶುಭಸಂದೇಶಗಳನ್ನು ಇರಿಸಿದನು. ಅದಕ್ಕೂ ಮೊದಲೇ ಸಂತ ಇರೆನೇಯುಸರು ಶುಭಸಂದೇಶಗಳು ನಾಲ್ಕೇ ಇರಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲವೆಂದು ವಾದಿಸಿದ್ದರು. ಶಿಲುಬೆಯ ಮೇಲಿನ ಪ್ರಭುವಿನ ಕೊನೆಯ ನುಡಿಯನ್ನೇ ನೋಡಿ: ಮಾರ್ಕನು ಕೈಬಿಡಲ್ಪಟ್ಟವನ ಕೂಗನ್ನು ಕೇಳುತ್ತಾನೆ, ಲೂಕನು ತಂದೆಯ ಕೈಗೆ ಆತ್ಮವನ್ನೊಪ್ಪಿಸುವ ಪ್ರಾರ್ಥನೆಯನ್ನು, ಯೊವಾನ್ನನು ಎಲ್ಲವೂ ನೆರವೇರಿತೆಂಬ ಘೋಷಣೆಯನ್ನು. ಸಭೆ ಇವನ್ನು ಒಂದಕ್ಕೊಂದು ತೇಯ್ದು ಹಾಕಲಿಲ್ಲ. ಒಬ್ಬನೇ ಪ್ರಭು, ನಾಲ್ಕು ಸಾಕ್ಷ್ಯ.

ಆದರೂ ಸಾಕ್ಷ್ಯಗಳ ಭಿನ್ನತೆ ತಾನೇ ಒಂದು ಸದ್ಗುಣವಲ್ಲ. ದಾನಿಯೇಲನ ಗ್ರಂಥದ 13ನೆಯ ಅಧ್ಯಾಯದಲ್ಲಿ ಸುಸನ್ನಳ ಮೇಲೆ ಅಪವಾದ ಹೊರಿಸಿದ ಇಬ್ಬರು ಹಿರಿಯರನ್ನು ಯುವಕ ದಾನಿಯೇಲನು ಬೇರೆಬೇರೆಯಾಗಿ ನಿಲ್ಲಿಸಿ, ಯಾವ ಮರದಡಿ ಕಂಡಿರೆಂದು ಕೇಳುತ್ತಾನೆ. ಇಬ್ಬರೂ ಬೇರೆಬೇರೆ ಮರ ಹೇಳುತ್ತಾರೆ, ಸುಳ್ಳು ಬಯಲಾಗುತ್ತದೆ. ಅಲ್ಲಿಯವರೆಗೆ ಇಡೀ ಸಭೆ ಅವರ ಪದವಿಯನ್ನು ನೋಡಿ ನಂಬಿತ್ತು. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗಲಾರದು. ಚಿತ್ರದಲ್ಲಿ ರೆಜಿನಾ ಮಾಡುವುದು ದಾನಿಯೇಲನ ಅರ್ಧ ಕೆಲಸ. ಬೇರೆಬೇರೆಯಾಗಿ ಕೇಳುತ್ತಾಳೆ, ತೀರ್ಪಿನ ಭಾರವನ್ನು ನಮ್ಮ ತೊಡೆಯ ಮೇಲಿಡುತ್ತಾಳೆ.

ಆ ಭಾರ ಯಾವುದು? ರಿಚ್ಚಿ ಮತ್ತು ರಘುವಿನ ಕಥೆಯಲ್ಲಿ ಲೂಕನ 15ನೆಯ ಅಧ್ಯಾಯದ ಇಬ್ಬರು ಮಕ್ಕಳ ನೆರಳಿದೆ. ದೂರದೇಶಕ್ಕೆ ಓಡಿದವನಿಗೆ ಕಾದು ಕುಳಿತ ತಾಯಿ ಸಿಗುತ್ತಾಳೆ. ಸೆರೆಯನ್ನು ಅನುಭವಿಸಿ ಬಂದವನಿಗೆ ಊರು ಕೊಟ್ಟದ್ದು ಒಂದು ಹೆಸರು ಮಾತ್ರ. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆ 16 ದಾಟಿದವರು ಎಸಗಿದ ಘೋರ ಅಪರಾಧಗಳ ವಿಚಾರದಲ್ಲಿ ಬಿಗಿಯಾಯಿತು. ಆದರೂ ಅದೇ ಕಾಯಿದೆಯ ಮೂರನೆಯ ಕಲಮು ಹೊಸ ಆರಂಭದ ತತ್ತ್ವವನ್ನು ಎತ್ತಿಹಿಡಿಯುತ್ತದೆ: ವಿಶೇಷ ಸಂದರ್ಭಗಳನ್ನು ಬಿಟ್ಟರೆ ಮಗುವಿನ ಹಳೆಯ ದಾಖಲೆಗಳನ್ನು ಅಳಿಸಬೇಕು. ಕಾನೂನು ಮರೆಯಲು ಸಿದ್ಧವಿದ್ದರೂ ಕೇರಿ ಮರೆಯುವುದಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ನಮ್ಮ ಮೂರು ತಾಲೂಕುಗಳ ಪೇಟೆಗಳಲ್ಲಿ, ಅವುಗಳೊಳಗಿನ ಪುಟ್ಟ ಧರ್ಮಕೇಂದ್ರಗಳಲ್ಲಿ, ಒಮ್ಮೆ ಎಡವಿದ ಹುಡುಗನು ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರೆ ತಿರುಗಿ ನೋಡುವ ಕಣ್ಣುಗಳೆಷ್ಟು? ಅವನಿಗೆ ಕೆಲಸ ಕೊಡುವ, ಹೆಣ್ಣು ಕೊಡುವ ಮಾತು ಬಂದಾಗ ಮೊದಲು ನೆನಪಾಗುವುದೇನು? ಯಲ್ಲಾಪುರದ ಕಾಡಂಚಿನ ಸಿದ್ದಿ ಬಂಧುಗಳನ್ನು ಕೇಳಿದರೆ, ತಲೆಮಾರುಗಳ ಕಾಲ ಇತರರು ಕಂಡಂತೆಯೇ ಬದುಕಬೇಕಾದ ನೋವೇನೆಂದು ಅವರು ಹೇಳಬಲ್ಲರು. ಪಾಪನಿವೇದನೆಯ ಸಂಸ್ಕಾರವನ್ನು ಬೋಧಿಸುವ ಸಭೆಯು ದೇವರು ಕ್ಷಮಿಸಿದ್ದನ್ನು ತಾನು ಲೆಕ್ಕದಲ್ಲಿಟ್ಟುಕೊಂಡರೆ, ಆ ಬೋಧನೆ ಬಾಯಿಮಾತಾಗುತ್ತದೆ.

ಚಿತ್ರದ ಕೊರತೆಗಳನ್ನೂ ಹೇಳಬೇಕು. ಹಿಂಸೆಗೆ ಅದು ತೊಡಿಸುವ ಸೊಬಗು ಅತಿಯಾಯಿತು. ರಿಚ್ಚಿಯ ಗಾಯಕ್ಕಿಂತ ಅವನ ಠೀವಿಯೇ ಯುವಕರ ಮನಸ್ಸಿನಲ್ಲಿ ಉಳಿಯುವುದಕ್ಕೆ ಪ್ರೇಕ್ಷಕರಷ್ಟೇ ನಿರ್ದೇಶಕರೂ ಕಾರಣ. ತಾರಾ ಅವರ ರತ್ನಕ್ಕ ಅಚ್ಚಳಿಯದೆ ನಿಲ್ಲುತ್ತಾಳಾದರೂ ಶಾರದೆಯ ಮೌನದೊಳಗೆ ಚಿತ್ರ ಇಳಿಯುವುದಿಲ್ಲ. ಎಲ್ಲರ ಕಣ್ಣಿಗೂ ಬೆಲೆ ಕೊಡುವೆನೆಂದು ಹೊರಟ ಕೃತಿಗೆ ಇದು ಸಣ್ಣ ಲೋಪವಲ್ಲ.

ಕ್ರೈಸ್ತ ವಿಶ್ವಾಸವು ಈ ಚಿತ್ರದಿಂದ ಬೇರೆಯಾಗುವ ಒಂದು ಸ್ಥಾನವಿದೆ. ನಮ್ಮ ಮೊದಲ ಸಾಕ್ಷಿಗಳೂ ಉಳಿದವರೇ. ಬಂಧನದ ರಾತ್ರಿ ಓಡಿಹೋದದ್ದರಿಂದ ಉಳಿದವರು, ಬೆಂಕಿಯ ಬಳಿ ನಿಂತು ಅರಿಯೆನೆಂದು ಹೇಳಿ ಉಳಿದವರು. ಅವರು ಹೇಳಹೊರಟ ಕಥೆಯ ನಾಯಕನಾದರೋ ಗಾಯಗಳೊಡನೆ ಅವರ ನಡುವೆ ಬಂದು ನಿಂತು ಸಮಾಧಾನವನ್ನು ನುಡಿದನು. ಮಲ್ಪೆಯ ಕೇರಿಗೆ ಆ ಅನುಗ್ರಹವಿಲ್ಲ. ಅಲ್ಲಿ ಸತ್ತವರು ಹಿಂದಿರುಗಿ ಯಾರನ್ನೂ ಕ್ಷಮಿಸುವುದಿಲ್ಲ. ಚಿತ್ರದ ದುಃಖ ಪ್ರಾಮಾಣಿಕವಾದದ್ದು. ಗುರುಮಠದ ವಿದ್ಯಾರ್ಥಿಗಳು ಇದನ್ನು ಒಮ್ಮೆ ನೋಡಲಿ, ನೋಡಿದ ಬಳಿಕ ರಿಚ್ಚಿಯ ಬಗ್ಗೆ ತಮಗೆ ತಿಳಿದದ್ದರಲ್ಲಿ ಎಷ್ಟು ಅವನಿಂದ ಬಂತು, ಎಷ್ಟು ಇತರರಿಂದ ಬಂತು ಎಂದು ಎಣಿಸಲಿ. ನಾಳೆ ಧರ್ಮಕೇಂದ್ರದಲ್ಲಿ ಯಾರದೋ ಮಗನ ಬಗ್ಗೆ ಹತ್ತು ಜನ ಬಂದು ಹೇಳುವಾಗ, ಆ ಮಗನನ್ನೂ ಕರೆದು ಕೇಳುವ ಅಭ್ಯಾಸ ಅವರಿಗಿರಬೇಕು.