ಸಂಕಲನವೆಂಬ ವಿದ್ಯೆ: ಚಲನಚಿತ್ರದ ಅಧ್ಯಯನವನ್ನು ಕುರಿತು

ಚಲನಚಿತ್ರವನ್ನು ನೋಡದವರು ಇಂದು ಅಪರೂಪ; ಅದನ್ನು ಅಭ್ಯಾಸ ಮಾಡಿದವರು ಅದಕ್ಕಿಂತಲೂ ಅಪರೂಪ. ಕಾವ್ಯವನ್ನು ಓದಲು ಛಂದಸ್ಸು, ವ್ಯಾಕರಣ, ಅಲಂಕಾರಗಳ ಸಂಸ್ಕಾರ ಬೇಕೆಂದು ಒಪ್ಪುವ ವಿದ್ವಜ್ಜನರೂ ಚಿತ್ರವನ್ನು ನೋಡಲು ಎರಡು ಕಣ್ಣುಗಳಿದ್ದರೆ ಸಾಕೆಂದು ತಿಳಿದಿದ್ದಾರೆ. ಈ ಉದಾಸೀನದ ಫಲವನ್ನು ಶರಣಸಾಹಿತ್ಯದ ಅಭ್ಯಾಸಿಗಳು ವಿಶೇಷವಾಗಿ ಉಣ್ಣಬೇಕಾಗಿದೆ. ವಚನಗಳ ಒಂದು ಹಾಳೆಯನ್ನೂ ತಿರುವದ ಎಷ್ಟೋ ಮಂದಿ ಬಸವಣ್ಣನವರನ್ನು ಮೊದಲು ಕಂಡದ್ದು ಟೂರಿಂಗ್ ಟಾಕೀಸಿನ ಪರದೆಯ ಮೇಲೆ. ಅವರು ಕಂಡದ್ದೇನು, ಅದನ್ನು ಹೇಗೆ ಕಾಣಬೇಕಾಗಿತ್ತು ಎಂಬ ಪ್ರಶ್ನೆಯನ್ನು ಎತ್ತುವವರಿಲ್ಲದಿದ್ದರೆ, ಕಂಡದ್ದೇ ಚರಿತ್ರೆಯಾಗಿ ಉಳಿಯುತ್ತದೆ.

ಚಿತ್ರಕಲೆಯ ಇತಿಹಾಸವನ್ನು ಬಲ್ಲೆವೆನ್ನುವವರಲ್ಲಿ ಅನೇಕರು ಬಲ್ಲದ್ದು ಇಸವಿಗಳ ಪಟ್ಟಿಯನ್ನು ಮಾತ್ರ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಹಣ ಕೊಟ್ಟು ಬಂದ ಪ್ರೇಕ್ಷಕರೆದುರು ಚಲಿಸುವ ಚಿತ್ರಗಳನ್ನು ತೋರಿಸಿದರು, 1896ರ ಜುಲೈ 7ರಂದು ಅವರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದವು, 1913ರಲ್ಲಿ ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು, 1931ರಲ್ಲಿ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ ಮಾತನಾಡಿತು, 1934ರಲ್ಲಿ ವೈ. ವಿ. ರಾವ್ ಅವರ ‘ಸತೀ ಸುಲೋಚನಾ’ದಿಂದ ಕನ್ನಡದ ವಾಕ್ಚಿತ್ರ ಮೊದಲಾಯಿತು. ಇವೆಲ್ಲವೂ ತಿಳಿದಿರಬೇಕಾದ ಸಂಗತಿಗಳೇ. ಆದರೆ ವಚನಕಾರರ ಹೆಸರು, ಅಂಕಿತ, ಕಾಯಕಗಳನ್ನು ಬಾಯಿಪಾಠ ಮಾಡಿದವನು ಹೇಗೆ ವಚನವನ್ನು ಬಲ್ಲವನಾಗುವುದಿಲ್ಲವೋ, ಹಾಗೆಯೇ ಈ ಪಟ್ಟಿಯನ್ನು ಬಲ್ಲವನು ಚಲನಚಿತ್ರವನ್ನು ಬಲ್ಲವನಾಗುವುದಿಲ್ಲ. ಪಟ್ಟಿ ಹೊರಬಾಗಿಲು, ಒಳಗೆ ಹೋಗುವುದಕ್ಕೆ ಬೇರೊಂದು ಬೀಗದ ಕೈ ಬೇಕು.

ಆ ಬೀಗದ ಕೈ ಕನ್ನಡದ ಒಂದು ಶಬ್ದದಲ್ಲಿಯೇ ಅಡಗಿರುವುದು ಸೋಜಿಗ. ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಮೂಡುವ ಹೆಸರುಗಳಲ್ಲಿ ‘ಸಂಕಲನ’ ಎಂಬುದೊಂದು ಇರುತ್ತದೆ. ಬೇರೆ ಬೇರೆಯಾಗಿ ಚಿತ್ರಿಸಿದ ತುಣುಕುಗಳನ್ನು ಕತ್ತರಿಸಿ, ಆಯ್ದು, ಕ್ರಮಪಡಿಸಿ ಅಂಟಿಸುವ ಕೆಲಸಕ್ಕೆ ಆ ಹೆಸರು. ವಚನಗಳನ್ನು ಆಯ್ದು ಕಟ್ಟಿದ ಗ್ರಂಥವನ್ನೂ ‘ಸಂಕಲನ’ವೆಂದೇ ಕರೆಯುತ್ತೇವೆ. ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಕೂಡಿರುವುದು ಬರಿಯ ಆಕಸ್ಮಿಕವಲ್ಲವೆಂಬುದನ್ನು ವಿಚಾರಿಸಿದರೆ ಚಿತ್ರವನ್ನು ಓದುವ ಕ್ರಮ ತಾನಾಗಿ ತೆರೆದುಕೊಳ್ಳುತ್ತದೆ.

ರಷ್ಯಾದ ಲೆವ್ ಕುಲೆಷೊವ್ 1920ರ ಸುಮಾರಿಗೆ ನಡೆಸಿದನೆಂದು ಪ್ರಸಿದ್ಧವಾದ ಒಂದು ಪ್ರಯೋಗವುಂಟು. ನಟನೊಬ್ಬನ ನಿರ್ವಿಕಾರವಾದ ಮುಖದ ಒಂದೇ ತುಣುಕನ್ನು ಒಮ್ಮೆ ಊಟದ ಬಟ್ಟಲಿನ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ ಇರಿಸಿದಾಗ, ನೋಡಿದವರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ದುಃಖವನ್ನೂ ಕಂಡು ನಟನನ್ನು ಹೊಗಳಿದರಂತೆ. ಮುಖ ಬದಲಾಗಿರಲಿಲ್ಲ, ನೆರೆ ಬದಲಾಗಿತ್ತು. ಸೆರ್ಗೆಯ್ ಐಸೆನ್‌ಸ್ಟೈನನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ (1925) ಚಿತ್ರದಲ್ಲಿ ಇದೇ ತತ್ತ್ವ ಇನ್ನೂ ಮೊನಚಾಗಿ ಕೆಲಸ ಮಾಡಿದೆ. ಕ್ರಿಮಿಯಾದ ಅರಮನೆಯೊಂದರ ಮೆಟ್ಟಿಲುಗಳ ಬಳಿ ಮೂರು ಕಲ್ಲಿನ ಸಿಂಹಗಳಿವೆ: ಒಂದು ಮಲಗಿದೆ, ಒಂದು ಎಚ್ಚರಗೊಂಡಿದೆ, ಒಂದು ಎದ್ದಿದೆ. ಮೂರನ್ನೂ ಒಂದರ ಹಿಂದೊಂದು ಕ್ಷಣಮಾತ್ರ ತೋರಿಸಿದಾಗ ಒಂದೇ ಸಿಂಹ ಸಿಟ್ಟಿನಿಂದ ಮೇಲೆದ್ದಂತೆ ಕಾಣುತ್ತದೆ. ಕಲ್ಲು ಕದಲಲಿಲ್ಲ. ಕದಲಿದ್ದು ನೋಡುವವನ ಚಿತ್ತ.

ಶೂನ್ಯಸಂಪಾದನೆಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರು ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ಮನಃಸ್ಥಿತಿಗಳಲ್ಲಿ ನುಡಿದ ವಚನಗಳು ಬಿಡಿಬಿಡಿಯಾಗಿದ್ದವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ಅವುಗಳಲ್ಲಿ ಸಾವಿರದಷ್ಟನ್ನು ಆಯ್ದು, ಅಲ್ಲಮಪ್ರಭುವನ್ನು ಕೇಂದ್ರದಲ್ಲಿರಿಸಿ, ಪ್ರಶ್ನೋತ್ತರಗಳಾಗಿ ಹೊಂದಿಸಿದನು. ಅಕ್ಕಮಹಾದೇವಿ ಏಕಾಂತದಲ್ಲಿ ಚೆನ್ನಮಲ್ಲಿಕಾರ್ಜುನನನ್ನು ಕುರಿತು ನುಡಿದಿರಬಹುದಾದ ವಚನವು ಅಲ್ಲಿ ಪ್ರಭುದೇವರ ಕಠಿಣ ಪ್ರಶ್ನೆಯ ಪಕ್ಕದಲ್ಲಿ ಬಂದು, ತುಂಬಿದ ಅನುಭವಮಂಟಪದಲ್ಲಿ ಕೊಟ್ಟ ದಿಟ್ಟ ಉತ್ತರವಾಗುತ್ತದೆ. ವಚನದ ಒಂದಕ್ಷರವೂ ಬದಲಾಗಿಲ್ಲ; ನೆರೆ ಬದಲಾಗಿದೆ. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಶಿವಯೋಗಿ, ಗೂಳೂರ ಸಿದ್ಧವೀರಣ್ಣೊಡೆಯ ಇವರು ಅದೇ ಸಾಮಗ್ರಿಯನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾದ ಪ್ರಸಂಗವು ಮೊದಲ ಸಂಪಾದನೆಯಲ್ಲಿಲ್ಲ. ನಂತರದವರು ಅದನ್ನು ಸೇರಿಸಿದರು. ಸಂಪಾದಕನ ಶ್ರದ್ಧೆ ಯಾವುದೋ ಅದಕ್ಕೆ ತಕ್ಕಂತೆ ಜೋಡಣೆ. ಜೋಡಣೆಗೆ ತಕ್ಕಂತೆ ಅರ್ಥ. ನಾಲ್ಕು ಶೂನ್ಯಸಂಪಾದನೆಗಳನ್ನು ಪಕ್ಕಪಕ್ಕದಲ್ಲಿರಿಸಿಕೊಂಡು ಓದಿದವನಿಗೆ ಚಿತ್ರಸಂಕಲನದ ಮೊದಲ ಪಾಠ ಆಗಲೇ ಆಗಿಬಿಟ್ಟಿರುತ್ತದೆ.

ಆದರೆ ಸಾದೃಶ್ಯವನ್ನು ಅದರ ಎಲ್ಲೆಗಿಂತ ಮುಂದೆ ಎಳೆಯಬಾರದು. ವಚನವು ಬಿಡಿಯಾಗಿದ್ದಾಗಲೂ ಸ್ವಯಂಪೂರ್ಣ; ಅಂಕಿತದೊಡನೆ ಅದರ ಉಸಿರು ಮುಗಿಯುತ್ತದೆ. ಚಿತ್ರದ ತುಣುಕು ಸಾಮಾನ್ಯವಾಗಿ ಮುಂದಿನ ತುಣುಕನ್ನು ಬೇಡುತ್ತಲೇ ಇರುತ್ತದೆ. ಅಲ್ಲದೆ ಶೂನ್ಯಸಂಪಾದನೆಯ ಜೋಡಣೆ ಕಣ್ಣಿಗೆ ಕಾಣುತ್ತದೆ: ವಚನ ಎಲ್ಲಿ ಮುಗಿಯಿತು, ಸಂಪಾದಕನ ಗದ್ಯ ಎಲ್ಲಿ ಮೊದಲಾಯಿತು ಎಂಬುದನ್ನು ಓದುಗನು ಬೆರಳಿಟ್ಟು ತೋರಿಸಬಲ್ಲನು. ಚಿತ್ರದಲ್ಲಿ ಬೆಸುಗೆ ಮರೆಯಾಗಿರುತ್ತದೆ; ಬೆಸುಗೆ ಕಾಣದಂತೆ ಬೆಸೆಯುವುದೇ ಬಹುಮಟ್ಟಿಗೆ ಅಲ್ಲಿಯ ಜಾಣ್ಮೆ. ಆದುದರಿಂದ ಗ್ರಂಥದ ಓದುಗನಿಗಿಂತ ಚಿತ್ರದ ಪ್ರೇಕ್ಷಕನಿಗೆ ಎಚ್ಚರ ಹೆಚ್ಚು ಬೇಕು, ಕಡಮೆಯಲ್ಲ.

ಈ ಎಚ್ಚರದ ಅಗತ್ಯವು ಶರಣರನ್ನು ಕುರಿತ ಚಿತ್ರಗಳಲ್ಲಿ ತೀವ್ರವಾಗಿ ತೋರುತ್ತದೆ. ಟಿ. ವಿ. ಸಿಂಗ್ ಠಾಕೂರ್ ಅವರ ನಿರ್ದೇಶನದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರ ಪಾತ್ರವನ್ನು ವಹಿಸಿದ ‘ಜಗಜ್ಯೋತಿ ಬಸವೇಶ್ವರ’ 1959ರಲ್ಲಿ ಬಂದಿತು, ಕೆ. ಎಸ್. ಎಲ್. ಸ್ವಾಮಿಯವರ ‘ಕ್ರಾಂತಿಯೋಗಿ ಬಸವಣ್ಣ’ 1983ರಲ್ಲಿ ಬಂದಿತು. ಹೆಸರುಗಳಲ್ಲಿಯೇ ಕಾಲದ ಮುದ್ರೆಯಿದೆ: ಒಂದು ಜ್ಯೋತಿಯನ್ನು ಹೇಳುತ್ತದೆ, ಇನ್ನೊಂದು ಕ್ರಾಂತಿಯನ್ನು. ಇಂಥ ಚಿತ್ರಗಳನ್ನು ‘ಭಕ್ತಿಪ್ರಧಾನ’ವೆಂದು ಮೆಚ್ಚುವುದೂ ‘ಚರಿತ್ರೆಗೆ ಅಪಚಾರ’ವೆಂದು ಜರೆಯುವುದೂ ಸುಲಭ. ಎರಡೂ ವಿಮರ್ಶೆಯಲ್ಲ. ವಚನವು ಚಿತ್ರದಲ್ಲಿ ಹಾಡಾಗಿ ಬಂದಾಗ ತೆರೆಯ ಮೇಲೆ ಯಾರ ಮುಖವಿದೆ? ಅದಕ್ಕೆ ಮುಂಚಿನ ದೃಶ್ಯ ಯಾವುದು, ನಂತರದ್ದು ಯಾವುದು? ಯಾವ ಶರಣರಿಗೆ ತೆರೆಯ ಮೇಲೆ ಸ್ಥಳ ದೊರೆತಿದೆ, ಯಾರು ಗುಂಪಿನಲ್ಲಿ ಕರಗಿಹೋಗಿದ್ದಾರೆ? ಕಲ್ಯಾಣದ ಕೊನೆಯ ದಿನಗಳನ್ನು ಎಷ್ಟು ಹೊತ್ತು ತೋರಿಸಿದ್ದಾರೆ, ಪವಾಡವನ್ನು ಎಷ್ಟು ಹೊತ್ತು? ಈ ಪ್ರಶ್ನೆಗಳನ್ನು ಹಾಕಿದಾಗ ಮಾತ್ರ ಚಿತ್ರವು ಹನ್ನೆರಡನೆಯ ಶತಮಾನದ ಬಗ್ಗೆ ಎಷ್ಟು, ತನ್ನ ಕಾಲದ ಬಗ್ಗೆ ಎಷ್ಟು ಹೇಳುತ್ತಿದೆಯೆಂಬುದು ವಿಶದವಾಗುತ್ತದೆ. ಶೂನ್ಯಸಂಪಾದನೆಯನ್ನು ನಡೆದ ಘಟನೆಗಳ ವರದಿಯೆಂದು ಓದಬಾರದೆಂದು ವಿದ್ವಾಂಸರು ಎಚ್ಚರಿಸಿದ್ದಾರೆ. ಅದರಿಂದ ಆ ಮಹಾಗ್ರಂಥದ ಗೌರವ ಕುಂದಲಿಲ್ಲ, ಅದರ ನಿಜವಾದ ಪ್ರತಿಭೆ ಕಂಡಿತು. ಚಿತ್ರಕ್ಕೂ ಅದೇ ನ್ಯಾಯ ಸಲ್ಲಬೇಕು.

ಓದುವ ಕ್ರಮ ತಿಳಿದರೂ ಓದಲು ಮೂಲವೇ ಇಲ್ಲದಿದ್ದರೇನು? ಚಿತ್ರಚರಿತ್ರೆಯ ದೊಡ್ಡ ಶೋಕ ಇದೇ. ‘ಆಲಂ ಆರಾ’ದ ಪ್ರತಿ ಉಳಿದಿಲ್ಲ. ‘ಸತೀ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ, ಕನ್ನಡದ ಮೊದಲ ವಾಕ್ಚಿತ್ರದ ಮಾತನ್ನು ಕೇಳುವ ಭಾಗ್ಯ ಇಂದು ಯಾರಿಗೂ ಇಲ್ಲ. ‘ರಾಜಾ ಹರಿಶ್ಚಂದ್ರ’ದ ನಾಲ್ಕು ಸುರುಳಿಗಳಲ್ಲಿ ಮೊದಲನೆಯದು, ಕೊನೆಯದು ಮಾತ್ರ ಉಳಿದವೆಂದು ಹೇಳುತ್ತಾರೆ, ಅವೂ 1913ರವಲ್ಲ, ಫಾಲ್ಕೆಯವರೇ 1917ರಲ್ಲಿ ಮತ್ತೆ ತೆಗೆದ ಚಿತ್ರದವು ಎಂಬ ವಾದವಿದೆ. ಇದು ಪಾಠಾಂತರದ ಪ್ರಶ್ನೆಯಲ್ಲದೆ ಮತ್ತೇನು? ಹಳೆಯ ನೈಟ್ರೇಟ್ ಫಿಲಂ ಬೇಗ ಹೊತ್ತಿಕೊಳ್ಳುವಂಥದು, ಇಟ್ಟಲ್ಲಿಯೇ ಕೊಳೆಯುವಂಥದು. ಓಡಿ ಸವೆದ ಪ್ರತಿಗಳನ್ನು ಅವುಗಳಲ್ಲಿಯ ಬೆಳ್ಳಿಯ ಅಂಶಕ್ಕಾಗಿ ಹಾಳುಗೆಡವಿದ್ದೂ ಉಂಟು. ತಾಳೆಯೋಲೆಯ ಕಟ್ಟುಗಳು ಅಟ್ಟದ ಹೊಗೆಯಲ್ಲಿ ಕಪ್ಪಾಗಿ, ಗೆದ್ದಲಿಗೆ ಆಹಾರವಾಗಿ, ಕೊನೆಗೆ ಹೊಳೆಯ ಪಾಲಾದ ಕಥೆಯನ್ನು ಬಲ್ಲ ನಾಡಿಗೆ ಈ ನಷ್ಟದ ಸ್ವರೂಪವನ್ನು ವಿವರಿಸಬೇಕಾಗಿಲ್ಲ.

ಆ ಓಲೆಗಳನ್ನು ಹುಡುಕಿ, ಪ್ರತಿಮಾಡಿ, ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದ ವಿಜಾಪುರದ ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಅವರಿಲ್ಲದಿದ್ದರೆ ವಚನಗಳ ಅಧ್ಯಯನ ಇಂದಿನ ರೂಪದಲ್ಲಿ ಇರುತ್ತಿರಲಿಲ್ಲ. ಭಾರತೀಯ ಚಲನಚಿತ್ರಕ್ಕೆ ಅಂಥ ಸೇವೆಯನ್ನು ಸಲ್ಲಿಸಿದವರು ಪಿ. ಕೆ. ನಾಯರ್. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಮರುವರ್ಷ ಸೇರಿ 1991ರವರೆಗೆ ದುಡಿದ ಅವರು, ಉಳಿದಿದ್ದ ಸುರುಳಿಗಳನ್ನು ಮನೆಮನೆಗಳಿಂದ, ಗೋದಾಮುಗಳಿಂದ ಸಂಗ್ರಹಿಸಿದರು. ಫಾಲ್ಕೆಯವರ ಚಿತ್ರದ ಭಾಗಗಳು ಉಳಿದದ್ದೂ ಅವರ ಶ್ರಮದಿಂದಲೇ. ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಎಂಬ ಭೇದವನ್ನು ಸಂಗ್ರಾಹಕನು ಮಾಡಬಾರದೆಂಬುದು ಅವರ ನಿಲುವಾಗಿತ್ತು. ಹಸ್ತಪ್ರತಿಗಳ ಸಂಗ್ರಾಹಕರೂ ಈ ಮಾತಿಗೆ ತಲೆದೂಗುವರು.

ನಾಯರ್ ಅವರ ಭಂಡಾರದ ಚಿತ್ರಗಳು ಕರ್ನಾಟಕದ ಒಂದು ಹಳ್ಳಿಗೆ ಬಂದ ಪ್ರಸಂಗವು ಮರೆಯಬಾರದಂಥದು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ, ಅಡಕೆ ತೋಟದ ಕೆಲಸ ಮುಗಿಸಿ ಬಂದ ಜನ ಸತ್ಯಜಿತ್ ರಾಯರ ‘ಪಥೇರ್ ಪಾಂಚಾಲಿ’, ಇಟಲಿಯ ‘ಬೈಸಿಕಲ್ ಥೀವ್ಸ್’, ಜಪಾನಿನ ‘ರಾಶೋಮನ್’ಗಳನ್ನು ನೋಡಿದರು. ಪುಣೆಯ ಚಲನಚಿತ್ರ ಶಿಕ್ಷಣಸಂಸ್ಥೆಯಲ್ಲಿ ‘ಪಥೇರ್ ಪಾಂಚಾಲಿ’ಯೊಂದನ್ನೇ ದೃಶ್ಯದೃಶ್ಯವಾಗಿ ಬಿಡಿಸಿ ಕಲಿಸುತ್ತಿದ್ದ ಸತೀಶ್ ಬಹದ್ದೂರ್ ಅವರು ಹೆಗ್ಗೋಡಿನ ರಸಗ್ರಹಣ ಶಿಬಿರಗಳಿಗೂ ಬಂದು ಪಾಠ ಹೇಳಿದರು. ಹಳ್ಳಿಗರಿಗೆ ಇಂಥವು ಅರ್ಥವಾಗವೆಂಬ ನಗರದವರ ಊಹೆ ಅಲ್ಲಿ ಸುಳ್ಳಾಯಿತು. ಒಂದೇ ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ‘ರಾಶೋಮನ್’, ತಾಳಮದ್ದಳೆಯ ವಾದಪ್ರತಿವಾದವನ್ನು ಕೇಳಿ ಬೆಳೆದ ಕಿವಿಗೆ ಅಷ್ಟು ಅಪರಿಚಿತವಾಗಿರಲಾರದು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಆದರೆ ಹೆಗ್ಗೋಡಿನ ಮುಖ್ಯ ಪಾಠ ಪ್ರಶಸ್ತಿಯಲ್ಲಿಲ್ಲ. ಕನ್ನಡದಲ್ಲಿಯೇ, ಹಳ್ಳಿಯಲ್ಲಿಯೇ, ಸಾಮಾನ್ಯರಿಗೇ ಈ ವಿದ್ಯೆಯನ್ನು ಕಲಿಸಬಹುದೆಂಬುದು ಆ ಪಾಠ.

ಇಂದು ಸಾವಿರಾರು ಚಿತ್ರಗಳು ಅಂಗೈಯ ಯಂತ್ರದಲ್ಲಿಯೇ ದೊರೆಯುತ್ತವೆ. ದೊರೆತದ್ದು ಹೆಚ್ಚಿತು, ನೋಟ ಬೆಳೆಯಿತೆಂದು ಹೇಳುವಂತಿಲ್ಲ. ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಮಠಗಳೂ ಅವುಗಳ ವಿದ್ಯಾಸಂಸ್ಥೆಗಳೂ ಈ ಕಾರ್ಯಕ್ಕೆ ಹೊರಗಿನವರೆಂದು ಭಾವಿಸಬೇಕಾಗಿಲ್ಲ. ಪ್ರಸಾದನಿಲಯದ ವಿದ್ಯಾರ್ಥಿಗಳಿಗೆ ವರ್ಷಕ್ಕೆ ನಾಲ್ಕೇ ಚಿತ್ರಗಳನ್ನು, ಒಂದೊಂದನ್ನೂ ಎರಡೆರಡು ಬಾರಿ ತೋರಿಸಿ, ಎರಡನೆಯ ಬಾರಿ ಬೆಸುಗೆಗಳನ್ನು ಗುರುತಿಸುವಂತೆ ಹೇಳಿದರೆ ಸಾಕು. ಶರಣರ ಚಿತ್ರವಾದರೆ ಪಕ್ಕದಲ್ಲಿ ವಚನಸಂಪುಟವೂ ತೆರೆದಿರಲಿ. ಚಿತ್ರಮಂದಿರಗಳಲ್ಲಿ ಮಾರುತ್ತಿದ್ದ ಹಳೆಯ ಹಾಡಿನ ಪುಸ್ತಕಗಳು, ಕರಪತ್ರಗಳು ಯಾರದಾದರೂ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದರೆ ಅವು ಗ್ರಂಥಭಂಡಾರಕ್ಕೆ ಸೇರಲಿ. ಪ್ರತಿ ನಾಶವಾದ ಚಿತ್ರಗಳ ಮಟ್ಟಿಗೆ ಅವೇ ಉಳಿದ ಓಲೆಗಳು.

ಕಣ್ಣಿಗೆ ಕಂಡದ್ದನ್ನು ಕಂಡಂತೆಯೇ ನಂಬದೆ, ಕಾಣಿಸಿದವರಾರು, ಏಕೆ, ಯಾವುದರ ಪಕ್ಕದಲ್ಲಿರಿಸಿ ಎಂದು ಕೇಳುವುದು ಅರಿವಿನ ಮೊದಲ ಮೆಟ್ಟಿಲು. ಶರಣರು ಕೇಳಿದ್ದೂ ಇದನ್ನೇ. ಬೆಳ್ಳಿತೆರೆಯ ಮುಂದೆ ಕುಳಿತಾಗ ಆ ಪ್ರಶ್ನೆಯನ್ನು ಬದಿಗಿರಿಸಲು ಕಾರಣವಿಲ್ಲ.