ಸೂಪರ್ ಅಂದರೆ ಸಾಲದು

ನಾವು ತೆಗೆದ ಹಕ್ಕಿ ಫೋಟೋಗೆ ಸಿಗುವ ಅತ್ಯಂತ ನಿರುಪಯೋಗಿ ಮಾತು ಯಾವುದು ಗೊತ್ತಾ? "ಸೂಪರ್". ಅದರ ಅಣ್ಣತಮ್ಮಂದಿರು "ವಾವ್" ಮತ್ತು "ಯಾವ ಲೆನ್ಸ್ ಗುರೂ?" ಮೊದಲೆರಡರಿಂದ ಫೋಟೋ ತೆಗೆದವನಿಗೆ ಖುಷಿ, ಮೂರನೆಯದರಿಂದ ಲೆನ್ಸ್ ಮಾರುವವನಿಗೆ ಲಾಭ. ಮುಂದಿನ ಭಾನುವಾರದ ಫೋಟೋ ಮಾತ್ರ ಹಿಂದಿನ ಭಾನುವಾರದ್ದರ ಹಾಗೇ ಇರುತ್ತೆ.

ವಿಚಿತ್ರ ಅಂದರೆ ಹೀಗೆ ಮಾಡುವವರಲ್ಲಿ ನಾವು ಸಾಫ್ಟ್‌ವೇರ್‌ನವರೇ ಮುಂದು. ಆಫೀಸಿನಲ್ಲಿ ಹತ್ತು ಸಾಲು ಕೋಡ್ ಬರೆದರೂ ಇನ್ನೊಬ್ಬರು ರಿವ್ಯೂ ಮಾಡಬೇಕು. "ಈ ಹೆಸರು ಅರ್ಥ ಆಗ್ತಿಲ್ಲ", "ಇಲ್ಲಿ ನಲ್ ಬಂದರೆ ಏನ್ ಮಾಡ್ತೀಯ?" ಅಂತ ಸಾಲು ಸಾಲಿಗೂ ಕೇಳ್ತಾರೆ, ನಾವೂ ತಿದ್ದುತ್ತೇವೆ. ನಸುಕಿಗೇ ಎದ್ದು ರಂಗನತಿಟ್ಟಿಗೆ ಗಾಡಿ ಓಡಿಸಿ ತೆಗೆದ ಫೋಟೋಗೆ ಮಾತ್ರ ಆ ಮರ್ಯಾದೆ ಇಲ್ಲ.

ಹೇಳೋಕೆ ಏನೂ ಇಲ್ಲ ಅಂತಲ್ಲ. ನಡು ಮಧ್ಯಾಹ್ನ ತೆಗೆದ ಬೆಳ್ಳಕ್ಕಿ ಫೋಟೋ ನೋಡಿ. ಗರಿ ಒಂದೂ ಕಾಣಲ್ಲ, ಸುಣ್ಣದ ಉಂಡೆ ಇಟ್ಟ ಹಾಗಿರುತ್ತೆ. "ಎಕ್ಸ್‌ಪೋಷರ್ ಸ್ವಲ್ಪ ಇಳಿಸು, ಇಲ್ಲಾ ಬೆಳಗ್ಗೆ ಎಂಟರೊಳಗೆ ಹೋಗು" ಅಂದರೆ ಸಾಕು. ಸೇತುವೆ ಮೇಲಿಂದ ಬಗ್ಗಿ ತೆಗೆದ ಮೊಸಳೆ ಮರದ ದಿಮ್ಮಿಯ ಹಾಗೆ ಕಾಣುತ್ತೆ. ಅದೇ ಮೊಸಳೆಯನ್ನು ದೋಣಿಯಲ್ಲಿ ಕೂತು ಅದರ ಕಣ್ಣಿನ ಮಟ್ಟದಿಂದ ತೆಗೆದರೆ ಎದೆ ಝಲ್ ಅನ್ನುತ್ತೆ. ಇನ್ನು ಎಡಿಟಿಂಗ್. ಹಸಿರನ್ನು ಎಳೆದೂ ಎಳೆದೂ ಒಣಗಿದ ಕುರುಚಲು ಕಾಡನ್ನು ಗಿಳಿ ಬಣ್ಣಕ್ಕೆ ತರುತ್ತೇವೆ. ಹಳ್ಳಿಯಲ್ಲಿ ಬೆಳೆದ ಯಾರಿಗೇ ತೋರಿಸಿ, "ಇದ್ಯಾವ ದೇಶದ್ದಪ್ಪಾ?" ಅಂತಾರೆ.

ಇವೆಲ್ಲ ಸುಲಭದ ತಪ್ಪುಗಳು. ಕಷ್ಟ ಇರೋದು ತಪ್ಪೇ ಕಾಣದ ಫೋಟೋಗಳಲ್ಲಿ. ಈಚೆಗೆ ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಟಿಟ್ಟಿಭದ ಫೋಟೋ ಓಡಾಡಿತು. ಕಣ್ಣು ಚೂಪಾಗಿದೆ, ಹಿನ್ನೆಲೆ ಬೆಣ್ಣೆಯಂತಿದೆ, ಎರಡೂ ರೆಕ್ಕೆ ಹರಡಿ ಬಾಯಿ ತೆರೆದಿದೆ. ಕಾಲ ಬಳಿ ಕಲ್ಲುಗಳ ನಡುವೆ ಕಲ್ಲಿನಂಥದ್ದೇ ನಾಲ್ಕು ಮೊಟ್ಟೆ. ಎಲ್ಲರೂ "ಎಂಥಾ ಆಕ್ಷನ್!" ಅಂದರು.

ಆ ಹಕ್ಕಿ ಏನು ಮಾಡ್ತಿದೆ ಅಂತ ಒಬ್ಬರೂ ಕೇಳಲಿಲ್ಲ. ಟಿಟ್ಟಿಭ ಗೂಡು ಕಟ್ಟಲ್ಲ, ಬಯಲು ನೆಲದಲ್ಲೇ ಮೊಟ್ಟೆ ಇಡುತ್ತೆ. ಯಾರಾದರೂ ಹತ್ತಿರ ಬಂದರೆ ಕಿರುಚಿ, ರೆಕ್ಕೆ ಹರಡಿ ಓಡಿಸಲು ನೋಡುತ್ತೆ. ಫೋಟೋದಲ್ಲಿರುವ ಆಕ್ಷನ್ ಇಷ್ಟೇ: "ಆಚೆ ಹೋಗು ಮಾರಾಯ". ಹೋಗು ಅಂದದ್ದು ಕ್ಯಾಮೆರಾ ಹಿಡಿದವನಿಗೆ. ಬೇಸಿಗೆಯಲ್ಲಿ ಈ ಹಕ್ಕಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತೆ, ನಿಂತು ನೆರಳು ಕೊಡುತ್ತೆ. ಒಳ್ಳೆ ಆ್ಯಂಗಲ್‌ಗೆ ಅಂತ ನಾವು ಅಲ್ಲೇ ಅರ್ಧ ಗಂಟೆ ನಿಂತರೆ ಆ ನೆರಳು ತಪ್ಪುತ್ತೆ, ಬಿಸಿಲಿಗೆ ಮೊಟ್ಟೆ ಒಳಗೇ ಬೇಯಬಹುದು. ನಮ್ಮೂರಲ್ಲಿ ಉಳುವಾಗ ಟಿಟ್ಟಿಭದ ಮೊಟ್ಟೆ ಕಂಡರೆ ಅಷ್ಟು ಜಾಗ ಬಿಟ್ಟು ನೇಗಿಲು ತಿರುಗಿಸುತ್ತಿದ್ದರು. ಅವರ ಕೈಲಿ ಕ್ಯಾಮೆರಾ ಇರಲಿಲ್ಲ, ಹಕ್ಕಿಯ ಮಾತು ಗೊತ್ತಿತ್ತು.

"ಫೋಟೋ ಚೆನ್ನಾಗಿದೆಯಲ್ಲ, ಹೇಗೆ ತೆಗೆದರೆ ಏನೀಗ?" ಅನ್ನುವವರಿದ್ದಾರೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದದ್ದು, ರಾತ್ರಿ ಹೊತ್ತು ಗೇಟು ಹಾರುವ ತೋಳದ ಚಿತ್ರ. ಅದು ಪಳಗಿಸಿದ ತೋಳವೇ ಇರಬೇಕೆಂದು ತೀರ್ಪುಗಾರರು ನಿರ್ಧರಿಸಿ, 2010ರ ಜನವರಿಯಲ್ಲಿ ಪ್ರಶಸ್ತಿ ವಾಪಸ್ ಪಡೆದರು. ಛಾಯಾಗ್ರಾಹಕ ಆರೋಪ ಒಪ್ಪಲಿಲ್ಲ. ಚಿತ್ರದ ಒಂದು ಪಿಕ್ಸೆಲ್ ಕೂಡ ಬದಲಾಗಿರಲಿಲ್ಲ, ಬೆಲೆ ಮಾತ್ರ ಹೋಯಿತು. ಪ್ರಕೃತಿ ಛಾಯಾಗ್ರಹಣದಲ್ಲಿ ಹೇಗೆ ತೆಗೆದೆ ಅನ್ನೋದೂ ಚಿತ್ರದ ಭಾಗವೇ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸಿದ ಫೋಟೋ, ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿದ ಕೀಟದ ಮ್ಯಾಕ್ರೋ, ಇವೆಲ್ಲ ನೋಡೋಕೆ ಚೆಂದ. ಒಳಗೆ ಸುಳ್ಳು.

ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಬಿದ್ದದ್ದು ಫಿಲ್ಮ್ ಕಾಲದಲ್ಲಿ. ಒಂದು ರೋಲ್‌ಗೆ 36 ಚಿತ್ರ, ತೊಳೆಸಿ ನೋಡುವವರೆಗೂ ಏನು ಬಂದಿದೆ ಅಂತ ಗೊತ್ತಿಲ್ಲ. ಹಾಗಾಗಿ ಬಟನ್ ಒತ್ತುವ ಮೊದಲು ಕಾಯಬೇಕಿತ್ತು, ಕಾಯುತ್ತಾ ನೋಡಬೇಕಿತ್ತು. 'ಹಕ್ಕಿಪುಕ್ಕ' ತೆರೆದರೆ ಚಿತ್ರದ ಜೊತೆಗೆ ಹಕ್ಕಿಯ ಬದುಕೂ ಸಿಗುತ್ತೆ. ಈಗಿನ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ ಇಪ್ಪತ್ತು ಫ್ರೇಮ್ ಸಿಗುತ್ತೆ. ಎರಡೇ ಸೆಕೆಂಡಿಗೆ ತೇಜಸ್ವಿಯವರ ಒಂದು ರೋಲ್ ಖಾಲಿ! ಕ್ಯಾಮೆರಾ ವೇಗವಾದದ್ದು ತಪ್ಪಲ್ಲ. ಉಳಿದ ಸಮಯದಲ್ಲಿ ನಾವು ಏನು ನೋಡಿದೆವು ಅನ್ನೋದು ಪ್ರಶ್ನೆ.

ಆದ್ದರಿಂದ ಯಾರಾದರೂ ಫೋಟೋ ಕಳಿಸಿದರೆ ಮೂರು ಪ್ರಶ್ನೆ ಕೇಳಿ. ಹಕ್ಕಿ ಏನು ಮಾಡ್ತಿತ್ತು? ನೀನು ಎಷ್ಟು ದೂರದಲ್ಲಿದ್ದೆ? ನೀನು ಹೊರಟ ಮೇಲೆ ಅದು ಮೊದಲಿನ ಕೆಲಸಕ್ಕೆ ಮರಳಿತಾ? ನೀವು ಕಳಿಸುವಾಗಲೂ ಈ ಮೂರಕ್ಕೆ ಉತ್ತರ ಬರೆದೇ ಕಳಿಸಿ. ಗೂಡಿನ ಜಾಗದ ಹೆಸರು ಮಾತ್ರ ಬೇಡ. ಫೈಲ್‌ನೊಳಗೆ ಜಿಪಿಎಸ್ ಕೂತಿದ್ದರೆ ಅದನ್ನೂ ತೆಗೆಯಿರಿ, ಈ ಕೆಲಸವನ್ನು ನಮಗೆ ಯಾರೂ ಕಲಿಸಬೇಕಿಲ್ಲ.

ಮೊದಲ ಸಲ ಕೇಳಿದಾಗ ಗೆಳೆಯ ಮುಖ ಊದಿಸಿಕೊಂಡಾನು. ಊದಿಸಿಕೊಳ್ಳಲಿ. ಕೋಡ್ ರಿವ್ಯೂನಲ್ಲೂ ಹಾಗೇ ಆಗುತ್ತೆ, ಸಂಜೆ ಟೀ ಹೊತ್ತಿಗೆ ಸರಿಹೋಗುತ್ತೆ.